ಮಟ್ಟದ ಮೇಸ್ತ್ರಿ ಮತ್ತು ನಲವತ್ತು ಬಿಲ್ಲೆ

ಊರಲ್ಲಿ ಅವನನ್ನು ಮಟ್ಟದ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ನೆಲಕ್ಕೆ ಟೈಲ್ಸ್ ಕೂರಿಸುವುದು ಅವನ ಕಸುಬು. ಇಪ್ಪತ್ತೆರಡು ವರ್ಷ ಮಂಡಿಯೂರಿ ದುಡಿದು ಮೊಣಕಾಲೆರಡೂ ಸವೆದಿದ್ದವು, ಎದ್ದು ನಿಂತರೆ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿದ್ದವು. ಬಾಯಿ ಮಾತ್ರ ಒಂದಿಷ್ಟೂ ಸವೆದಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ನೋಡುವುದು ಅವರ ನೆಲವನ್ನು, ಆಮೇಲೆ ಅವರ ಮುಖವನ್ನು. ಕುರ್ಚಿ ಕೊಟ್ಟರೆ ಕೂರುವ ಮೊದಲು ಅದರ ಕಾಲು ಅಲ್ಲಾಡಿಸಿ ನೋಡುವನು. ಗೋಡೆಯ ಫೋಟೋ ಓರೆಯಾಗಿದೆ ಎಂದು ತಾನೇ ಎದ್ದು ಸರಿಪಡಿಸುವನು. ಅವನು ಹೊಸಿಲು ದಾಟಿದ ಮೇಲೆ ಆ ಮನೆಯಾಕೆ ಅದನ್ನು ಮತ್ತೆ ಮೊದಲಿನ ಹಾಗೆ ಇಡುತ್ತಿದ್ದಳು ಎಂಬುದು ಅವನಿಗೆ ಗೊತ್ತಾಗುವ ಸಂಭವವೇ ಇರಲಿಲ್ಲ.

ಈ ಅಹಂಕಾರಕ್ಕೆಲ್ಲ ಮೂಲ ಒಂದು ರಸಮಟ್ಟ. ಎರಡಡಿ ಉದ್ದದ ಮರದ ಪಟ್ಟಿ, ತುದಿಗಳಿಗೆ ಹಿತ್ತಾಳೆಯ ತಗಡು, ನಡುವೆ ಬೆರಳುದ್ದದ ಗಾಜಿನ ಕೊಳವೆ, ಕೊಳವೆಯೊಳಗೆ ಹಸಿರು ರಸ, ಆ ರಸದಲ್ಲಿ ಒಂದು ಗುಳ್ಳೆ. ಗುಳ್ಳೆ ಎರಡು ಗೆರೆಗಳ ನಡುವೆ ನಿಂತರೆ ನೆಲ ಸಮ, ಅತ್ತಿತ್ತ ಸರಿದರೆ ನೆಲ ಓರೆ, ಸರಿದ ಕಡೆ ಎತ್ತರ. ಪಟ್ಟಿಯ ಒಂದು ತುದಿಯಲ್ಲಿ ಮೇಸ್ತ್ರಿ ಕಾಸಿದ ಮೊಳೆಯಿಂದ ತನ್ನ ಹೆಸರು ಸುಟ್ಟು ಬರೆದುಕೊಂಡಿದ್ದ. ಬಾಗಿಲಲ್ಲಿ ನಿಂತು ಒಳಗೆ ಮುಖ ಮಾಡಿ, ಹೆಸರಿನ ತುದಿ ಬಲಗೈಗೆ ಬರುವ ಹಾಗೆ ಇಟ್ಟೇ ಕೆಲಸ ಶುರು ಮಾಡಬೇಕು. ಕೈಕೆಳಗಿನ ಆಳು ಯಾವನಾದರೂ ಮರೆತು ತಿರುಗಿಸಿ ಇಟ್ಟರೆ ಬೈಗುಳದ ಮಳೆ. "ಅದಕ್ಕೂ ಮುಖ ಅಂತ ಒಂದಿದೆ ಕಣೋ. ನಿನ್ನ ಹಾಗೆ ಎತ್ತಲಾಗಿ ಬೇಕಾದರೂ ತಿರುಗೋ ಜಾತಿ ಅಲ್ಲ ಅದು."

ಹದಿನಾರು ವರ್ಷದ ಹಿಂದೆ ಅದು ಎರಡನೇ ಮಹಡಿಗೆ ಕಟ್ಟಿದ್ದ ಸಾರುವೆಯ ಅಟ್ಟಣೆಯಿಂದ ಕೆಳಗೆ ಬಿದ್ದಿತ್ತು. ಬಿದ್ದದ್ದು ಮರಳಿನ ಮೇಲೆ, ಕೊಳವೆ ಒಡೆದಿರಲಿಲ್ಲ. ಮೇಸ್ತ್ರಿ ಅದನ್ನು ಹುಷಾರಾಗಿ ಎತ್ತಿಕೊಂಡು ಮರಳು ಊದಿ, ಗುಳ್ಳೆ ಇನ್ನೂ ಇದೆ ಎಂದು ನೋಡಿ ತೃಪ್ತಿಪಟ್ಟ. ಇದೆಯಲ್ಲ, ಇನ್ನೇನು ಬೇಕು. ಅಂದಿನಿಂದ ಅದರ ಮೇಲೆ ಅವನಿಗೆ ಇನ್ನಷ್ಟು ಭಕ್ತಿ. "ಎರಡು ಮಹಡಿಯಿಂದ ಬಿದ್ದರೂ ಸತ್ಯ ಬಿಡಲಿಲ್ಲ ನೋಡಿ," ಎಂದು ಕಂಡಕಂಡವರ ಮುಂದೆ ಹೇಳುತ್ತಿದ್ದ.

ಆಮೇಲೆ ಹಾಕಿದ ನೆಲಗಳ ಬಗ್ಗೆ ಜನ ಏನೇನೋ ಅಂದದ್ದುಂಟು. ಒರೆಸಿದ ನೀರೆಲ್ಲ ಬಲಗೋಡೆಗೆ ಹೋಗಿ ನಿಲ್ಲುತ್ತದೆ ಎಂದರೆ, "ಅದು ವಾಟ. ನೀರು ಹೋಗಲಿ ಅಂತ ಬೇಕಂತಲೇ ಕೊಟ್ಟಿದ್ದು," ಎನ್ನುವನು. ಬಟ್ಟೆಯ ಬೀರು ತಾನಾಗಿ ಬಾಯಿ ತೆರೆಯುತ್ತದೆ ಎಂದರೆ, "ಬಡಗಿಗೆ ಹೇಳಿ," ಎನ್ನುವನು. ಜನ ಬಡಗಿಗೇ ಹೇಳಿದರು. ಊರಿನ ಬಡಗಿಗಳು ಹದಿನಾರು ವರ್ಷ ಬೀರುಗಳ ಬುಡ ಕೆತ್ತಿ, ಬಾಗಿಲು ಉಜ್ಜಿ, ಬೈಸಿಕೊಂಡು ಮನೆಗೆ ಹೋದರು. ಅವರ ಪರವಾಗಿ ಮಾತಾಡಲು ಯಾರೂ ಇರಲಿಲ್ಲ.

ಇನ್ನು ಮೇಸ್ತ್ರಿಯ ಹೆಂಡತಿ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿತೂತು ಹೊಲಿಯುತ್ತಿದ್ದಳು. ಕಾರ್ಖಾನೆ ಮುಚ್ಚಿತು, ಆಕೆ ಮನೆಯಲ್ಲಿ ಉಳಿದಳು. ಸುಮ್ಮನೆ ಕೂರುವ ಕೈಯಲ್ಲ ಅದು. ಅವಳ ತಂಗಿಗೆ ಬಣ್ಣ, ಕಾಗದ, ಅಂಟು ಮಾರುವ ಅಂಗಡಿಯಲ್ಲಿ ಕೆಲಸ. ಒಂದು ಭಾನುವಾರ ತಂಗಿ ಚೀಲ ತುಂಬ ಸಾಮಾನು ಹೊತ್ತು ಬಂದಳು: ರೆಸಿನ್ ಎಂಬ ಗಾಜಿನಂಥ ಮಂದ ದ್ರವದ ಒಂದು ಬಾಟಲಿ, ಅದನ್ನು ಗಟ್ಟಿಯಾಗಿಸುವ ಇನ್ನೊಂದು ಬಾಟಲಿ, ಬಣ್ಣದ ಪುಡಿಗಳು, ಗಾಜಿನ ಚೂರು, ಹರಿದ ರೊಟ್ಟಿಯಂತೆ ಅಂಕುಡೊಂಕು ಅಂಚಿನ ರಬ್ಬರಿನ ಅಚ್ಚುಗಳು.

ನೆಲದಡಿ ಒಂದು ಬಗೆಯ ಕಲ್ಲು ಸಿಗುತ್ತದೆ. ಹೊರಗಿನಿಂದ ನೋಡಿದರೆ ಒಣಗಿದ ಆಲೂಗಡ್ಡೆ. ಒಡೆದರೆ ಒಳಗೆ ಉಂಗುರ ಉಂಗುರವಾಗಿ ಬಣ್ಣ, ನಟ್ಟನಡುವೆ ಮಿಣಮಿಣ ಹರಳು. ಅದನ್ನು ತೆಳ್ಳಗೆ ಕೊಯ್ದು ಲೋಟದ ಕೆಳಗೆ ಇಡುವ ಬಿಲ್ಲೆ ಮಾಡಿದರೆ ಹೇಗಿರುತ್ತದೋ ಹಾಗೆ ರೆಸಿನ್‌ನಲ್ಲಿ ಎರೆಯುವುದು. ಅಕ್ಕತಂಗಿಯರು ಹಿಡಿದದ್ದು ಈ ಕೆಲಸ.

ಮೊದಲ ಬಿಲ್ಲೆ ಅಚ್ಚು ಬಿಟ್ಟು ಎದ್ದ ದಿನ ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ನೀಲಿ ಉಂಗುರ, ಬಿಳಿ ಎಳೆ, ನಡುವೆ ಗಾಜಿನ ಚೂರು, ಅಂಚಿಗೆ ಚಿನ್ನದ ಬಣ್ಣ.

"ಏನೇ ಇದು?"

"ಕೋಸ್ಟರ್. ಲೋಟದ ಕೆಳಗೆ ಇಡೋದು."

"ಲೋಟದ ಕೆಳಗೆ ಮೇಜು ಇದೆಯಲ್ಲ."

"ಮೇಜಿಗೆ ಕಲೆ ಆಗಬಾರದು ಅಂತ ಕಣ್ರೀ."

"ಕಲೆ ಆದರೆ ಒರೆಸಬೇಕು. ಒರೆಸೋಕೆ ಸೋಮಾರಿತನ ಅಂತ ಒಂದು ದಿನ ಪೂರ್ತಿ ಕೂತು ಕಲ್ಲು ಮಾಡ್ತಾರಾ ಯಾರಾದರೂ?"

"ಈ ಮನೇಲಿ ಒರೆಸೋರು ಯಾರು ಅಂತ ಗೊತ್ತಾ ಭಾವ?" ಎಂದಳು ನಾದಿನಿ, ಕೈಗವಸು ಬಿಚ್ಚುತ್ತ.

ಮೇಸ್ತ್ರಿಗೆ ಆ ಪ್ರಶ್ನೆ ಕೇಳಿಸಲಿಲ್ಲ. ಬೇಡದ ಮಾತು ಬಂದಾಗ ಅವನ ಕಿವಿ ಹಾಗೇ. "ಜೀವಮಾನ ಎಲ್ಲ ಕಲ್ಲು ಹೊತ್ತಿದ್ದೀನಿ ನಾನು. ಕಲ್ಲು ಬೇಕಿದ್ದರೆ ನನ್ನ ಕೇಳಬೇಕಿತ್ತು. ಅಂಟಿಗೆ ಕಲ್ಲಿನ ವೇಷ ಹಾಕಿಸೋ ಗತಿ ಯಾಕೆ ಬಂತು ನಿಮಗೆ?"

ಆದರೆ ಆ ಕೆಲಸ ವೇಷ ಹಾಕುವಷ್ಟು ಸುಲಭದ್ದಾಗಿರಲಿಲ್ಲ. ಎರಡು ಬಾಟಲಿಯ ದ್ರವವನ್ನೂ ಅಳೆದು ಬೆರೆಸಬೇಕು, ಒಂದು ಚಮಚ ಹೆಚ್ಚುಕಡಿಮೆಯಾದರೆ ಬಿಲ್ಲೆ ಎಂದೆಂದಿಗೂ ಅಂಟಂಟಾಗಿಯೇ ಉಳಿಯುತ್ತದೆ. ಕಡ್ಡಿಯಿಂದ ನಿಧಾನವಾಗಿ ಕಲಕಬೇಕು, ಅವಸರಪಟ್ಟರೆ ಗುಳ್ಳೆ. ಎರೆದ ಮೇಲೆ ಬಿಸಿಗಾಳಿ ತೋರಿಸಿ ಗುಳ್ಳೆಗಳನ್ನು ಓಡಿಸಬೇಕು. ಆಮೇಲೆ ಧೂಳು ಬೀಳದ ಹಾಗೆ ಮುಚ್ಚಿ, ಒಂದು ದಿನ ಪೂರ್ತಿ ಅಲ್ಲಾಡಿಸದೆ ಬಿಡಬೇಕು. ಒಂದೇ ಮನೆಯಲ್ಲಿ ಎರಡು ಕಸುಬು: ಅವಳಿಗೆ ಗುಳ್ಳೆ ಕಂಡರೆ ಕೆಲಸ ಕೆಟ್ಟ ಹಾಗೆ, ಅವನಿಗೆ ಗುಳ್ಳೆಯೇ ಯಜಮಾನ. ಅವಳು ಆ ದ್ರವಕ್ಕೆ ರೆಸಿನ್ ಎನ್ನುತ್ತಿರಲಿಲ್ಲ, ರಸ ಎನ್ನುತ್ತಿದ್ದಳು.

ಆರನೆಯದೋ ಏಳನೆಯದೋ ಬಿಲ್ಲೆ ಎದ್ದಾಗ ತಂಗಿ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. "ಅಕ್ಕಾ, ಬಲಗಡೆ ಒಂದು ನೂಲು ದಪ್ಪ ಅಲ್ವಾ?"

ಅಕ್ಕ ಒಂದು ಚಪ್ಪಟೆ ತಟ್ಟೆಯನ್ನು ಮೇಜಿನ ಮೇಲಿಟ್ಟು ತಳ ಮುಚ್ಚುವಷ್ಟು ನೀರು ಹುಯ್ದಳು. ನೀರು ಸೀದಾ ಬಲಗಡೆಗೆ ಹೋಗಿ ಗುಂಪುಗೂಡಿತು, ಎಡಗಡೆ ತಟ್ಟೆ ಒಣಗಿಯೇ ಇತ್ತು. ಅವಳು ಹಳೇ ರಟ್ಟಿನ ಪೆಟ್ಟಿಗೆ ಹರಿದು, ಮಡಿಚಿ, ಮೇಜಿನ ಬಲಗಾಲುಗಳ ಕೆಳಗೆ ತೂರಿಸಿದಳು. ಇನ್ನೊಂದು ಮಡಿಕೆ, ಮತ್ತೊಂದು ಮಡಿಕೆ. ನೀರು ತಟ್ಟೆ ತುಂಬ ಸಮನಾಗಿ ಹರಡಿತು. ಮುಂದಿನ ಬಿಲ್ಲೆಗಳು ಅಳೆದು ಕೊಯ್ದ ಹಾಗೆ ಎದ್ದವು. ಗಂಡನಿಗೆ ಹೇಳಲಿಲ್ಲ. ಆ ಮನೆಯ ನೆಲ ಹಾಕಿದವನು ಅವನೇ ತಾನೆ.

ಅದೇ ಹೊತ್ತಿಗೆ ಪೇಟೆಯ ಮುಖ್ಯರಸ್ತೆಯಲ್ಲಿ ಹೊಸ ವಸತಿಗೃಹವೊಂದು ಏಳುತ್ತಿತ್ತು. ಅದರ ಉಸ್ತುವಾರಿ ನೋಡುತ್ತಿದ್ದ ಹೆಂಗಸನ್ನು ಎಲ್ಲರೂ ಮ್ಯಾನೇಜರಮ್ಮ ಎನ್ನುತ್ತಿದ್ದರು. ಮುಂದಿನ ದೊಡ್ಡ ಹಜಾರದ ನೆಲ ಹಾಕಲು ಮೇಸ್ತ್ರಿಯನ್ನೇ ಕರೆಸಬೇಕು ಎಂದವಳು ಅವಳು. ಮೇಸ್ತ್ರಿಗೆ ಆ ಕರೆ ಬರುವ ಹೊತ್ತಿಗೆ ಕೆಲಸ ಕಡಿಮೆಯಾಗಿತ್ತು. ಎಳೆ ಹುಡುಗರು ಗೋಡೆಗೆ ಕೆಂಪು ಬೆಳಕಿನ ಗೆರೆ ಬಿಡುವ ಯಂತ್ರ ಹಿಡಿದು ಬಂದು ಎಲ್ಲ ಕಡೆ ತೂರಿಕೊಂಡಿದ್ದರು. "ಗೋಡೆ ಮೇಲೆ ಸಿನಿಮಾ ತೋರಿಸೋರು," ಎಂದು ಅವರನ್ನು ಹೀಯಾಳಿಸುತ್ತಿದ್ದ. ಈಗ ಅವನ ಹತ್ತಿರ ಉಳಿದಿದ್ದ ಬಂಡವಾಳ ಒಂದೇ, ಮಟ್ಟದ ಮೇಸ್ತ್ರಿ ಎಂಬ ಹೆಸರು. ಈ ಹಜಾರ ಚೆನ್ನಾಗಿ ಬಂದರೆ ಹೆಸರು ಇನ್ನೊಂದಿಷ್ಟು ವರ್ಷ ಬಾಳುತ್ತದೆ, ಇಲ್ಲವಾದರೆ ಹೆಸರಿನ ಜೊತೆ ಅವನೂ ಮನೆ ಸೇರಿದ ಹಾಗೆ.

ಮಾತು ಮುಗಿಸಲು ಮನೆಗೆ ಬಂದ ಮ್ಯಾನೇಜರಮ್ಮ ಮೇಜಿನ ಮೇಲಿದ್ದ ಬಿಲ್ಲೆ ನೋಡಿ ಹಜಾರವನ್ನೇ ಮರೆತಳು. "ಇದು ಯಾರು ಮಾಡಿದ್ದು? ನಮ್ಮ ಪ್ರತಿ ಕೋಣೆಗೂ ಬೇಕು. ನಲವತ್ತು ಆಗುತ್ತಾ?" ಹೆಂಡತಿ ಆಗುತ್ತೆ ಎಂದಳು. ಮೇಸ್ತ್ರಿಗೆ ಇದು ಸಣ್ಣ ಮುಳ್ಳಿನ ಹಾಗೆ ಒಳಗೆ ಕೂತಿತು. ಇಪ್ಪತ್ತೆರಡು ವರ್ಷದಲ್ಲಿ ಅವನ ನೆಲ ನೋಡಿ ಯಾರೂ ಮಾತು ಮರೆತಿರಲಿಲ್ಲ.

ಹೆಂಡತಿ ನಲವತ್ತನ್ನೂ ಒಂದೇ ಸಲ ಎರೆಯಲು ಸಜ್ಜಾದಳು. ತಂಗಿ ಅಂಗಡಿಯಿಂದ ಅಚ್ಚು ತಂದಳು, ಎಲ್ಲವೂ ಒಂದೇ ಆಕಾರದವು, ಅಂಚಿನಲ್ಲಿ ಒಂದು ಕಡೆ ಮೂತಿಯಂಥ ಚೂಪು. ಗುಂಡಿತೂತು ಹೊಲಿದ ಅಚ್ಚುಕಟ್ಟಿನ ಕೈ ನಲವತ್ತು ಮೂತಿಗಳನ್ನೂ ಒಂದೇ ದಿಕ್ಕಿಗೆ ತಿರುಗಿಸಿ ಸಾಲಾಗಿ ಇಟ್ಟಿತು. ಬೆಳಿಗ್ಗೆ ಶುರು ಮಾಡಿ ಊಟದ ಹೊತ್ತಿಗೆ ಎರೆದು ಮುಗಿಸಿದರು. ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಕವುಚಿ, ಅಕ್ಕತಂಗಿಯರು ಚಿನ್ನದ ಬಣ್ಣ ತರಲು ಪೇಟೆಗೆ ಹೋದರು.

ಆಗ ಮೇಸ್ತ್ರಿ ಮನೆಗೆ ಬಂದ. ಚಪ್ಪಲಿ ಬಿಟ್ಟು ಒಳಗೆ ಬರುವಾಗಲೇ ಕಣ್ಣಿಗೆ ಬಿತ್ತು: ಮೇಜಿನ ಕಾಲಡಿ ರಟ್ಟು. ತನ್ನ ಮನೆಯಲ್ಲಿ, ತಾನು ಹಾಕಿದ ನೆಲದ ಮೇಲೆ, ಮೇಜಿಗೆ ರಟ್ಟು. ಬೇರೆಯವರ ಮನೆಯಲ್ಲಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದ. ಚೀಲದಿಂದ ರಸಮಟ್ಟ ತೆಗೆದು, ಹೆಸರಿನ ತುದಿ ಬಲಕ್ಕೆ ಮಾಡಿ ಮೇಜಿನ ಅಂಚಿಗೆ ಇಟ್ಟ. ಗುಳ್ಳೆ ಗೆರೆ ದಾಟಿ ಆಚೆ ಹೋಗಿತ್ತು.

"ನೋಡಿದೆಯಾ," ಎಂದು ಯಾರೂ ಇಲ್ಲದ ಕೋಣೆಗೆ ಹೇಳಿದ. ಮೇಜನ್ನು ಮೆಲ್ಲನೆ ಎತ್ತಿ ಒಂದೊಂದೇ ರಟ್ಟನ್ನು ಎಳೆದು, ಗುಳ್ಳೆ ನಡುವೆ ಬಂದು ನಿಲ್ಲುವವರೆಗೂ ನೋಡಿದ. ರಟ್ಟಿನ ತುಂಡುಗಳನ್ನು ತನ್ನ ಚೀಲಕ್ಕೆ ತುರುಕಿಕೊಂಡ. ಪೆಟ್ಟಿಗೆಗಳ ಕೆಳಗೆ ನಲವತ್ತು ಅಚ್ಚುಗಳಲ್ಲಿ ರಸ ಇನ್ನೂ ಹಸಿಯಾಗಿತ್ತು. ಅದು ಯಾರನ್ನೂ ಕೇಳದೆ, ಸದ್ದಿಲ್ಲದೆ, ಬಲಕ್ಕೆ ಸರಿದು ಮಲಗಿತು.

ಬಿಲ್ಲೆಗಳನ್ನು ಒಪ್ಪಿಸುವ ದಿನ ಮೇಸ್ತ್ರಿಯೂ ವಸತಿಗೃಹದಲ್ಲೇ ಇದ್ದ, ಹಜಾರ ಅಳೆಯುತ್ತ. ಜೊತೆಗೆ ಕಟ್ಟಡದ ಗುತ್ತಿಗೆದಾರನೂ ಇದ್ದ, ಹಲ್ಲುಕಡ್ಡಿ ಕಚ್ಚಿಕೊಂಡು. ಹೆಂಡತಿ ಪೊಟ್ಟಣ ಬಿಚ್ಚಿದಳು. ಅಂಚಿಗೆ ಚಿನ್ನದ ಬಣ್ಣ ಬಳಿಯುವ ಅವಸರದಲ್ಲಿ ಅಕ್ಕತಂಗಿಯರು ಮೇಜಿನ ಕಾಲಡಿಯನ್ನೂ ನೋಡಿರಲಿಲ್ಲ, ಬಿಲ್ಲೆಗಳನ್ನು ಕಣ್ಣಿನ ಮಟ್ಟಕ್ಕೂ ಹಿಡಿದಿರಲಿಲ್ಲ. ಮ್ಯಾನೇಜರಮ್ಮ ಒಂದೊಂದನ್ನೇ ಬೆಳಕಿಗೆ ಹಿಡಿದು ಹೊಗಳುತ್ತ, ಬಾಗಿಲ ಪಕ್ಕದ ಕಟ್ಟೆಯ ಮೇಲೆ ಒಂದರ ಮೇಲೊಂದು ಪೇರಿಸತೊಡಗಿದಳು. ಮೂತಿಗೆ ಮೂತಿ ಕೂಡಿಸಿಯೇ ಇಡಬೇಕು, ಇಲ್ಲದಿದ್ದರೆ ಅಂಚು ಹೊಂದುವುದಿಲ್ಲ. ಐದರವರೆಗೆ ಏನೂ ಕಾಣಲಿಲ್ಲ. ಹತ್ತಕ್ಕೆ ಸಾಲು ತುಸು ಬಾಗಿತು. ಹದಿನೈದಕ್ಕೆ ನಿದ್ದೆ ಬಂದವನ ಕತ್ತಿನ ಹಾಗೆ ವಾಲಿತು. ಇಪ್ಪತ್ತೊಂದನೆಯದನ್ನು ಇಟ್ಟು ಕೈ ತೆಗೆದಳು, ಇಡೀ ಕಂಬ ಕಟ್ಟೆಯ ಮೇಲೆ ಉದ್ದಕ್ಕೆ ಜಾರಿ ಹರಡಿತು.

"ಎಲ್ಲ ಒಂದು ಕಡೆ ದಪ್ಪ ಇದೆ ಕಣಮ್ಮ," ಎಂದಳು ಮ್ಯಾನೇಜರಮ್ಮ, ಬೇಸರದಿಂದ. "ನಿಮ್ಮ ಮನೆಯವರಿಗೆ ಮಟ್ಟದ ಮೇಸ್ತ್ರಿ ಅಂತ ಹೆಸರು. ನಿಮ್ಮ ಕೆಲಸ ಹೀಗಾ?"

ಹೆಂಡತಿ ಗಂಡನ ಕಡೆ ನೋಡಿದಳು. ಅವನ ಚೀಲದ ಬಾಯಿಂದ ರಟ್ಟಿನ ತುದಿ ಇಣುಕುತ್ತಿತ್ತು. ಅವಳು ಅದನ್ನು ಕಂಡಳು. ತನ್ನ ಕಡೆ ಒಂದು ಮಾತಾಡುತ್ತಾನೇನೋ ಎಂದು ಕಾದಳು.

ಮೇಸ್ತ್ರಿ ಮಾತಾಡಿದ. "ಅದು ಹೆಂಗಸರ ಕೈಯಳತೆ ಮೇಡಂ. ಮನೆಯಲ್ಲಿ ಕೂತು ಹೊತ್ತು ಕಳೆಯೋಕೆ ಮಾಡಿದ್ದು. ನೆಲದ ವಿಷಯ ಯೋಚನೆ ಮಾಡಬೇಡಿ, ಅದು ನನ್ನ ಕೈ."

ಹೆಂಡತಿ ಬಿಲ್ಲೆಗಳನ್ನು ಒಂದೊಂದಾಗಿ ಆರಿಸಿ ಪೊಟ್ಟಣ ಕಟ್ಟಿದಳು. ಹತ್ತು ದಿನ ಕೊಡಿ, ಹೊಸದಾಗಿ ಎರೆದು ತರುತ್ತೇನೆ ಎಂದಷ್ಟೇ ಮ್ಯಾನೇಜರಮ್ಮನಿಗೆ ಹೇಳಿ ಹೊರಟಳು.

ಮನೆಯಲ್ಲಿ ಆವತ್ತು ಅಡುಗೆ ಆಯಿತು, ಬಡಿಸಿದ್ದೂ ಆಯಿತು, ಮಾತು ಮಾತ್ರ ಆಗಲಿಲ್ಲ. ಮೇಸ್ತ್ರಿಗೆ ಬೈಗುಳ ತಿಂದು ಅಭ್ಯಾಸವಿತ್ತು, ಮೌನ ತಿಂದು ಅಭ್ಯಾಸವಿರಲಿಲ್ಲ. ಮೂರನೇ ತುತ್ತಿಗೆ ತಾನೇ ಬಾಯಿ ಬಿಟ್ಟ.

"ರಟ್ಟು ತೆಗೆದಿದ್ದು ನಾನೇ. ಏನೀಗ? ನಿನ್ನ ಮೇಜು ಓರೆ ಇತ್ತು, ಸರಿ ಮಾಡಿದೆ."

"ರಟ್ಟು ಇದ್ದಾಗ ಬಿಲ್ಲೆ ಸರಿ ಬರ್ತಿತ್ತು. ತೆಗೆದ ಮೇಲೆ ಕೆಟ್ಟಿತು."

"ಹಾಗಾದರೆ ನಿನ್ನ ಅಂಟು ಕೆಟ್ಟಿದೆ. ರಸಮಟ್ಟ ಸುಳ್ಳು ಹೇಳಲ್ಲ."

"ನಿಮ್ಮ ಕೊಳವೇಲಿರೋದೂ ರಸ, ನನ್ನ ಅಚ್ಚಲ್ಲಿರೋದೂ ರಸ," ಎಂದಳು ಹೆಂಡತಿ. "ನನ್ನದನ್ನ ಯಾರೂ ಪಟ್ಟಿಗೆ ಮೊಳೆ ಹೊಡೆದು ಕೂರಿಸಿಲ್ಲ. ಅದರ ಪಾಡಿಗೆ ಅದು ಮಲಗುತ್ತೆ. ಒಂದೇ ಒಂದು ಸಲ ನಿಮ್ಮದನ್ನ ಹಿಂದುಮುಂದಾಗಿ ತಿರುಗಿಸಿ ಇಟ್ಟು ನೋಡಿ."

"ತಿರುಗಿಸಲ್ಲ."

"ಯಾಕೆ?"

"ಅದಕ್ಕೂ ಮುಖ ಅಂತ ಒಂದಿದೆ."

"ನನಗೂ ಇತ್ತು ಒಂದು ಮುಖ," ಎಂದಳು. "ಆ ಹಜಾರದಲ್ಲಿ ಅಷ್ಟು ಜನರ ಮುಂದೆ." ತಟ್ಟೆ ಎತ್ತಿಕೊಂಡು ಎದ್ದು ಹೋದಳು.

ಮರುದಿನ ಮೇಸ್ತ್ರಿ ಸಾಕ್ಷಿ ಹುಡುಕಿಕೊಂಡು ಹೊರಟ. ಹೊಸ ರಸಮಟ್ಟ ಒಂದನ್ನು ತಂದು, ತನ್ನದರ ಪಕ್ಕ ಇಟ್ಟು, ಎರಡೂ ಒಂದೇ ಮಾತು ಹೇಳುವುದನ್ನು ತೋರಿಸಿ ಹೆಂಡತಿಯ ಬಾಯಿ ಮುಚ್ಚಿಸುವುದು ಅವನ ಲೆಕ್ಕ. ಕಬ್ಬಿಣದ ಸಾಮಾನಿನ ಅಂಗಡಿಯಾತ ಅವನ ಹಳೇ ಪರಿಚಯ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ವ್ಯಾಪಾರ ಮಾಡುವ ಮುದುಕ. ಅವನ ಕಟ್ಟೆಯ ಮೇಲೆ ಮೇಸ್ತ್ರಿ ಮೊದಲು ತನ್ನದನ್ನು ಇಟ್ಟ. ಗುಳ್ಳೆ ಬಲಕ್ಕೆ ಹೋಯಿತು.

"ನಿಮ್ಮ ಕಟ್ಟೆ ಓರೆ ಇದೆ."

"ಇರಬಹುದು," ಎಂದ ಮುದುಕ, ಹೊಸದೊಂದನ್ನು ಮುಂದಿಟ್ಟು. ಅದರ ಗುಳ್ಳೆ ನಡುವೆ ನಿಂತಿತು.

"ಇದು ಸರಿ ಇಲ್ಲ. ಬೇರೆ ಕೊಡಿ."

ಎರಡನೆಯದು ಬಂತು. ನಡುವೆ. ಮೂರನೆಯದು, ಕಬ್ಬಿಣದ್ದು. ನಡುವೆ. ಪ್ಲಾಸ್ಟಿಕ್ಕಿನದು, ಮೊಳದುದ್ದದ್ದು, ಕೀಲಿಗೊಂಚಲಿಗೆ ಸಿಕ್ಕಿಸುವ ಆಟಿಕೆಯಂಥದ್ದು, ಎಲ್ಲದರ ಗುಳ್ಳೆಗಳೂ ಮಾತಾಡಿಕೊಂಡವರ ಹಾಗೆ ನಡುವೆಯೇ ನಿಂತವು. ಮೇಸ್ತ್ರಿಯ ಕುತ್ತಿಗೆ ಕೆಂಪಾಯಿತು. "ಎಂಥ ಕಚಡಾ ಮಾಲು ತರಿಸಿದ್ದೀರಿ ಯಜಮಾನರೇ. ಒಂದಾದರೂ ನೆಟ್ಟಗಿಲ್ಲವಲ್ಲ."

ಮುದುಕ ಕನ್ನಡಕ ಕೆಳಗಿಳಿಸಿದ. "ಮೇಸ್ತ್ರಿ, ಇಲ್ಲಿ ಹನ್ನೊಂದು ಇವೆ. ಹನ್ನೊಂದೂ ಸುಳ್ಳು, ನಿಮ್ಮದೊಂದೇ ನಿಜ. ಹಾಗೆ ತಾನೇ?"

"ಮತ್ತೆ?"

ಮುದುಕ ಹೊಸದೊಂದನ್ನು ಎತ್ತಿ ಹಿಂದುಮುಂದು ಮಾಡಿ ಇಟ್ಟ. ಗುಳ್ಳೆ ನಡುವೆಯೇ. ಆಮೇಲೆ, ಮೇಸ್ತ್ರಿ ಕೈ ಅಡ್ಡ ತರುವಷ್ಟರಲ್ಲಿ, ಅವನ ರಸಮಟ್ಟವನ್ನೂ ಎತ್ತಿ ತಿರುಗಿಸಿ ಇಟ್ಟುಬಿಟ್ಟ. ಈಗ ಹೆಸರಿನ ತುದಿ ಎಡಕ್ಕೆ ಬಂತು. ಗುಳ್ಳೆಯೂ ಎಡಕ್ಕೆ ಓಡಿತು. ಮತ್ತೆ ತಿರುಗಿಸಿದ, ಹೆಸರು ಬಲಕ್ಕೆ, ಗುಳ್ಳೆ ಬಲಕ್ಕೆ. ಎತ್ತ ತಿರುಗಿಸಿದರೂ ಗುಳ್ಳೆ ಅವನ ಹೆಸರಿನ ಹಿಂದೆಯೇ ಹೋಗುತ್ತಿತ್ತು.

"ಯಾವಾಗಲೋ ಬಿದ್ದಿರಬೇಕು, ಕೊಳವೆ ಅಲುಗಿದೆ," ಎಂದ ಮುದುಕ. ಮತ್ತೆ ಕನ್ನಡಕ ಹಣೆಗೇರಿಸಿದ. "ನಮ್ಮ ಮನೆ ನೆಲ ಹಾಕಿದ್ದು ಇದರಲ್ಲೇ ತಾನೇ? ನಾನು ಎರಡು ಬೀರು ಬದಲಾಯಿಸಿದೆ ಮಾರಾಯ."

ಮೇಸ್ತ್ರಿ ಹೊಸದೊಂದನ್ನು ಬಗಲಲ್ಲಿ ಇಟ್ಟುಕೊಂಡು ಅಂಗಡಿ ಇಳಿದ. ಮನೆಯ ದಾರಿ ಎಂದೂ ಅಷ್ಟು ಉದ್ದವಾಗಿರಲಿಲ್ಲ. ಎಡಬಲದ ಮನೆಗಳಲ್ಲಿ ಅರ್ಧಕ್ಕರ್ಧ ಅವನೇ ನೆಲ ಹಾಕಿದ ಮನೆಗಳು. ಒಂದೊಂದು ಬಾಗಿಲು ದಾಟುವಾಗಲೂ ಒಳಗಿನ ನೀರು ಬಲಗೋಡೆಯ ಬುಡಕ್ಕೆ ಹರಿಯುವುದು, ಬೀರು ಬಾಯಿ ತೆರೆಯುವುದು, ಮಂಚದ ಕಾಲಿಗೆ ರಟ್ಟು ಮಡಿಚಿ ಇಡುವುದು ಕಣ್ಣಿಗೆ ಕಟ್ಟಿತು. ಬಡಗಿಯೊಬ್ಬ ಎದುರಿಗೆ ಬಂದು ನಮಸ್ಕಾರ ಎಂದ. ಮೇಸ್ತ್ರಿ ರಸ್ತೆ ದಾಟಿ ಆಚೆ ಬದಿಗೆ ಹೋದ.

ಮನೆಯಲ್ಲಿ ಹೆಂಡತಿ ಅಚ್ಚುಗಳನ್ನು ಒರೆಸಿ ಸಾಲು ಹಿಡಿಸುತ್ತಿದ್ದಳು, ಪಕ್ಕದಲ್ಲಿ ನೀರಿನ ತಟ್ಟೆ ಇತ್ತು. ಮೇಸ್ತ್ರಿ ಚೀಲದಿಂದ ರಟ್ಟಿನ ತುಂಡುಗಳನ್ನು ತೆಗೆದ. ಕಿರುಗುಟ್ಟುವ ಮಂಡಿಯನ್ನು ಮಡಿಚಿ ಕೂತು, ಮೇಜಿನ ಬಲಗಾಲಿನ ಕೆಳಗೆ ತೂರಿಸಿದ.

ಅವಳು ತಟ್ಟೆ ನೋಡಿದಳು. "ಇನ್ನೊಂದು ಮಡಿಕೆ."

ಅವನು ಇನ್ನೊಂದು ಮಡಿಕೆ ಮಡಿಚಿದ.

"ಅರ್ಧ ಸಾಕು. ಹಾಂ. ಎದ್ದೇಳಿ, ರಸ ಬೆರೆಸಬೇಕು."

ಅಂಗಡಿಯಲ್ಲಿ ಏನಾಯಿತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನು ಸಿಟ್ಟು ಮಾಡಿಕೊಂಡು ಪಾರಾಗುತ್ತಿದ್ದ. ಆ ಅನುಕೂಲವನ್ನೂ ಅವಳು ಕೊಡಲಿಲ್ಲ.

ಹಜಾರದ ಕೆಲಸ ಶುರುವಾಯಿತು. ಮೊದಲ ದಿನ ಮೇಸ್ತ್ರಿ ಎರಡೂ ರಸಮಟ್ಟಗಳನ್ನು ಚೀಲದಲ್ಲಿಟ್ಟುಕೊಂಡು ಹೋಗಿದ್ದ. ಹಳೆಯದನ್ನು ಹಿಡಿದರೆ ಹಿಂದಿನ ನೆಲಗಳ ಹಾಗೆಯೇ ಇದೂ ಬರುತ್ತದೆ, ಯಾರೂ ಸೊಲ್ಲೆತ್ತುವುದಿಲ್ಲ, ಹೆಸರು ಇದ್ದ ಹಾಗೇ ಇರುತ್ತದೆ. ಅರ್ಧ ಗಂಟೆ ಗಾರೆ ಕಲೆಸಿದ ಬಾಣಲಿಯ ಮುಂದೆ ಕೂತು ಬೀಡಿ ಸೇದಿದ. ಗಾರೆ ಗಟ್ಟಿಯಾಗುತ್ತಾ ಬಂತು, ಆಳುಗಳು ಮುಖ ಮುಖ ನೋಡಿಕೊಂಡರು. ಕೊನೆಗೆ ಹೊಸದನ್ನೇ ಹೊರತೆಗೆದ. ಅದರ ಮೇಲೆ ಹೆಸರಿರಲಿಲ್ಲ, ಹೇಗೆ ಇಟ್ಟರೂ ನಡೆಯುತ್ತಿತ್ತು. ಐದು ದಿನ ಅವನು ಯಾರಿಗೂ ಬೈಯಲಿಲ್ಲ, ಅದಕ್ಕೇ ಆಳುಗಳಿಗೆ ದಿಗಿಲಾಯಿತು.

ಆರನೇ ದಿನ ನೆಲ ಒರೆಸಿ, ಮ್ಯಾನೇಜರಮ್ಮನನ್ನೂ ಗುತ್ತಿಗೆದಾರನನ್ನೂ ಕರೆದು ತೋರಿಸಿದ. ಇಬ್ಬರೂ ಬಾಗಿಲಿಂದ ಆ ತುದಿಗೆ ನಡೆದರು, ತಿರುಗಿ ಬಂದರು. ಗುತ್ತಿಗೆದಾರ ಕಡ್ಡಿಯನ್ನು ಬಾಯಿಂದ ತೆಗೆದ.

"ಮೇಸ್ತ್ರಿ, ಎಡಕ್ಕೆ ಎಳೀತಾ ಇದೆ ಅಲ್ವಾ?"

"ನನಗೂ ಹಾಗೇ ಅನಿಸ್ತು," ಎಂದಳು ಮ್ಯಾನೇಜರಮ್ಮ. "ಬೇಜಾರು ಮಾಡ್ಕೋಬೇಡಿ. ನಮ್ಮ ಮನೇಲೂ ನಿಮ್ಮದೇ ನೆಲ, ಹತ್ತು ವರ್ಷ ಆಯ್ತು, ಎಷ್ಟು ಸಮ ಇದೆ. ಇದು ಯಾಕೋ ಕಾಲಿಗೆ ಒಗ್ಗುತ್ತಾ ಇಲ್ಲ. ವಯಸ್ಸಾಯಿತೇನೋ ನಿಮಗೆ."

ಗುತ್ತಿಗೆದಾರ ತನ್ನ ಮನೆಯ ನೆಲವೂ ಮೇಸ್ತ್ರಿಯದೇ ಎಂದ, ಅಲ್ಲಿ ಹೀಗಿಲ್ಲ ಎಂದ, ಕೆಂಪು ಗೆರೆಯ ಹುಡುಗರನ್ನು ಕರೆಸಿ ಎಲ್ಲ ಕಿತ್ತು ಹಾಕಿಸೋಣ ಎಂದ.

ಮೇಸ್ತ್ರಿ ನಿಂತಲ್ಲೇ ನಿಂತ. ಹದಿನಾರು ವರ್ಷದಲ್ಲಿ ಮೊದಲ ಸಲ ಸಮನಾದ ನೆಲ ಹಾಕಿದ್ದಾನೆ, ಅದು ಓರೆ ಎನ್ನುತ್ತಿದ್ದಾರೆ. ಇದು ಸರಿ ಎನ್ನಬೇಕಾದರೆ ಅವರ ಮನೆಯದು ತಪ್ಪು ಎನ್ನಬೇಕು. ಬಾಯಿ ಮುಚ್ಚಿಕೊಂಡರೆ ಈ ನೆಲ ಹೋಗುತ್ತದೆ, ಬಾಯಿ ಬಿಟ್ಟರೆ ಉಳಿದ ನೆಲಗಳೆಲ್ಲ ಹೋಗುತ್ತವೆ.

ಅಷ್ಟರಲ್ಲಿ ಹೆಂಡತಿ ಬಂದಳು, ಹಿಂದೆ ತಂಗಿ, ಇಬ್ಬರ ಕೈಯಲ್ಲೂ ಹೊಸ ಬಿಲ್ಲೆಗಳ ಪೊಟ್ಟಣ. ನಡೆಯುತ್ತಿದ್ದ ಮಾತು ಅವರ ಕಿವಿಗೂ ಬಿತ್ತು. ಹೆಂಡತಿ ಯಾರನ್ನೂ ನೋಡದೆ ಹಜಾರದ ನಡುವೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಬಿಲ್ಲೆಗಳನ್ನು ಪೇರಿಸಿದಳು. ಮೂತಿಗೆ ಮೂತಿ. ಹತ್ತು. ಇಪ್ಪತ್ತು. ಮೂವತ್ತು. ನಲವತ್ತನೆಯದನ್ನು ಇಟ್ಟು ಕೈ ತೆಗೆದಳು. ಕಂಬ ತೂಗುಗುಂಡು ಬಿಟ್ಟ ಹಾಗೆ ನೆಟ್ಟಗೆ ನಿಂತಿತು.

ಮ್ಯಾನೇಜರಮ್ಮ ಸುತ್ತ ಬಂದು ನೋಡಿದಳು. "ನಿಂತಿದೆಯಲ್ಲ."

"ಬಿಲ್ಲೆ ನೆಟ್ಟಗಿದೆ, ನೆಲಾನೂ ನೆಟ್ಟಗಿದೆ," ಎಂದಳು ಹೆಂಡತಿ. ಅಷ್ಟಕ್ಕೆ ನಿಲ್ಲಿಸಿ ಗಂಡನ ಕಡೆ ನೋಡಿದಳು. ಹಿಂದೆ ಇದೇ ಹಜಾರದಲ್ಲಿ ನೋಡಿದ್ದಳಲ್ಲ, ಅದೇ ನೋಟ.

"ಹಾಗಾದರೆ ನಮ್ಮ ಮನೆ ನೆಲ?" ಎಂದ ಗುತ್ತಿಗೆದಾರ.

ಮೇಸ್ತ್ರಿಗೆ ಮೆತ್ತಗೆ ತಪ್ಪೊಪ್ಪಿಕೊಳ್ಳುವುದು ಗೊತ್ತಿರಲಿಲ್ಲ, ಯಾರೂ ಕಲಿಸಿರಲಿಲ್ಲ. ಅವನಿಗೆ ಬರುತ್ತಿದ್ದದ್ದು ಒಂದೇ ದನಿ, ಅದರಲ್ಲೇ ಹೇಳಿದ.

"ಓರೆ. ನಿಮ್ಮದೂ ಓರೆ, ಮೇಡಂ ಅವರದೂ ಓರೆ, ನಮ್ಮ ಮನೇದೂ ಓರೆ. ಹದಿನಾರು ವರ್ಷದಿಂದ ಓರೆ ನೆಲದ ಮೇಲೆ ಓಡಾಡಿ ಓಡಾಡಿ ಊರಿನ ಕಾಲೆಲ್ಲ ಓರೆಯಾಗಿದೆ, ಸಮ ಇರೋದರ ಮೇಲೆ ನಿಲ್ಲೋಕೂ ಬರ್ತಿಲ್ಲ ನಿಮಗೆ. ಹಾಕಿದವನು ನಾನು. ನನ್ನ ರಸಮಟ್ಟ ಕೆಟ್ಟಿತ್ತು, ತಿರುಗಿಸಿ ನೋಡಲಿಲ್ಲ. ಇವಳ ಬಿಲ್ಲೆ ಕೆಟ್ಟದ್ದೂ ನನ್ನಿಂದಲೇ, ಇವಳ ಕೈಯಿಂದ ಅಲ್ಲ. ಈ ನೆಲ ಕಿತ್ತರೆ ಮಾತ್ರ ನೋಡಿ."

ಗುತ್ತಿಗೆದಾರ ಕಡ್ಡಿಯನ್ನು ಮತ್ತೆ ಬಾಯಿಗಿಟ್ಟುಕೊಂಡ. "ಇದನ್ನೇನು ಇಷ್ಟು ಜೋರಾಗಿ ಹೇಳೋದು. ತಪ್ಪು ನಮ್ಮದು ಅನ್ನೋ ಹಾಗೆ."

"ನಮ್ಮ ಭಾವ ಕ್ಷಮೆ ಕೇಳೋದೇ ಹೀಗೆ," ಎಂದಳು ನಾದಿನಿ. "ನೀವು ಪುಣ್ಯವಂತರು, ನೋಡೋಕೆ ಸಿಕ್ಕಿತು."

ನೆಲ ಉಳಿಯಿತು. ಮಾತು ಮಾತ್ರ ಸಂಜೆಗೆ ಊರು ಸುತ್ತಿತು. ಮಾರನೇ ದಿನದಿಂದಲೇ ಜನ ಬಾಗಿಲಿಗೆ ಬಂದರು: ಬೀರುವಿನ ದೂರು, ಮಂಚದ ದೂರು, ಊಟದ ಮೇಜಿನ ದೂರು. ಬಡಗಿಗಳು ನಾಲ್ವರು ಒಟ್ಟಾಗಿ ಬಂದು ಏನೂ ದೂರದೆ, ಸುಮ್ಮನೆ ಕೂತು ಚಹಾ ಕುಡಿದು ಹೋದರು. ಮೇಸ್ತ್ರಿಗೆ ಎಲ್ಲರಿಗಿಂತ ಅದೇ ಭಾರವಾಯಿತು. ಇಷ್ಟು ನೆಲಗಳನ್ನು ಕಿತ್ತು ಹಾಕಲು ಇನ್ನೊಂದು ಜನ್ಮ ಬೇಕು, ಅವನ ಮೊಣಕಾಲಿಗೆ ಈ ಜನ್ಮವೇ ಹೆಚ್ಚಾಗಿತ್ತು.

ಉಪಾಯ ಹೇಳಿದ್ದು ಹೆಂಡತಿ. ಬೇಡವೆಂದು ಬಿದ್ದಿದ್ದ ಮೊದಲ ನಲವತ್ತು ಬಿಲ್ಲೆಗಳಿದ್ದವಲ್ಲ, ಅವು ಎರೆದು ಗಟ್ಟಿಯಾದದ್ದು ಅವನದೇ ಓರೆ ನೆಲದ ಮೇಲೆ. ದಪ್ಪ ಅಂಚು ಬಲಕ್ಕೆ ಮಾಡಿ ಇಟ್ಟರೆ, ಅವನು ನೆಲ ಹಾಕಿದ ಯಾವ ಮನೆಯ ಮೇಜಿನ ಮೇಲಾದರೂ ಲೋಟ ನೆಟ್ಟಗೆ ನಿಲ್ಲುತ್ತಿತ್ತು. ಬೇರೆಯವರು ನೆಲ ಹಾಕಿದ ಮನೆಗೆ ಅವು ದಂಡ.

ಈಗ ಮೇಸ್ತ್ರಿ ಚೀಲದಲ್ಲಿ ಬಿಲ್ಲೆಗಳನ್ನು ಹೊತ್ತು ಮನೆಮನೆಗೆ ಹೋಗುತ್ತಾನೆ. ಮೇಜಿನ ಮೇಲೆ ಇಟ್ಟು, ಮೂತಿ ತಿರುಗಿಸಿ, ಮೇಲೆ ಅಂಚಿನವರೆಗೆ ನೀರು ತುಂಬಿದ ಲೋಟ ಇಟ್ಟು, ಬಗ್ಗಿ ನೋಡುತ್ತಾನೆ. ಮಂಚದ ಕಾಲಿಗೆ ರಟ್ಟು ಮಡಿಚಿ ಕೊಡುತ್ತಾನೆ. ಬೈದರೆ ಬೈಸಿಕೊಳ್ಳುತ್ತಾನೆ, ಮೂರಕ್ಕೊಂದು ಸಲ ತಿರುಗಿಸಿ ಬೈಯುತ್ತಾನೆ. ಜನ ಇವತ್ತಿಗೂ ಅವನನ್ನು ಮಟ್ಟದ ಮೇಸ್ತ್ರಿ ಎಂದೇ ಕರೆಯುತ್ತಾರೆ, ಕರೆಯುವಾಗ ಮಾತ್ರ ಕತ್ತನ್ನು ತುಸು ಬಲಕ್ಕೆ ವಾಲಿಸುತ್ತಾರೆ.

ಬಿಲ್ಲೆಗಳು ಮುಗಿಯುತ್ತಾ ಬಂದಿವೆ. ಮೊನ್ನೆ ಹೆಂಡತಿಯನ್ನು ಕೇಳಿದ, ಇನ್ನೊಂದು ನಲವತ್ತು ಓರೆಯಾಗಿ ಎರೆದು ಕೊಡ್ತೀಯಾ ಎಂದು.

"ನನ್ನ ಕೈಗೆ ಓರೆ ಬರಲ್ಲ," ಎಂದಳು ಅವಳು, ರಸ ಕಲಕುವುದನ್ನು ನಿಲ್ಲಿಸದೆ. "ಅದು ನಿಮ್ಮ ಕಸುಬು. ಬೇಕಿದ್ದರೆ ರಟ್ಟು ತೆಗೀರಿ."